ಲಗ್ನದ ಚೀಲ

ಹೊಸದಾಗಿ ಈ ಕೆಲಸಕ್ಕೆ ಬರುವ ನರ್ಸ್ ಹುಡುಗಿಯರಿಗೆ ಕೈ ತೊಳೆಯುವುದನ್ನು ಕಲಿಸಲು ಬೇಕಾದಷ್ಟು ಜನ ಇದ್ದಾರೆ. ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ, ಬಾಗಿಲು ಮುಚ್ಚಿ, ಆಮೇಲೆ ಕೊಳವೆ ಮುಟ್ಟಿ ಎಂದು ಚಿತ್ರ ಬರೆದು ಗೋಡೆಗೇ ಅಂಟಿಸಿದ್ದಾರೆ. ಅದನ್ನೇ ನಾನು ಮತ್ತೆ ಬರೆದರೆ ನೀವು ಆಕಳಿಸುತ್ತೀರಿ. ಗೋಡೆಗೆ ಯಾರೂ ಅಂಟಿಸದ ಒಂದು ವಿಷಯ ನನ್ನ ಹತ್ತಿರ ಇದೆ. ಅದು ಹೊಟ್ಟೆಕಿಚ್ಚು. ನನಗೆ ನನ್ನ ಸಹೋದ್ಯೋಗಿ ಸುನಂದಾಳ ಮೇಲೆ ಹೊಟ್ಟೆಕಿಚ್ಚಿತ್ತು. ಇತ್ತು ಎಂದು ಬರೆದದ್ದು ತಪ್ಪಾಯಿತು. ಈಗಲೂ ಇದೆ. ನಿವೃತ್ತಿಯಾದದ್ದು ನಾನು ಮಾತ್ರ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ನಾವಿಬ್ಬರೂ ಹೊಟ್ಟೆಯ ಡಯಾಲಿಸಿಸ್ ನೋಡಿಕೊಳ್ಳುವ ನರ್ಸುಗಳು. ಕಿಡ್ನಿ ಕೈಕೊಟ್ಟವರ ಹೊಟ್ಟೆಗೆ ಡಾಕ್ಟರು ಒಂದು ಮೆತ್ತನೆಯ ಕೊಳವೆ ಕೂರಿಸುತ್ತಾರೆ. ರೋಗಿ ಮನೆಯಲ್ಲೇ ಚೀಲದ ದ್ರಾವಣವನ್ನು ಅದರೊಳಗೆ ಇಳಿಸಿಕೊಂಡು, ಕೆಲವು ಗಂಟೆ ಬಿಟ್ಟು, ಹೊರಗೆ ತೆಗೆಯಬೇಕು. ದಿನಕ್ಕೆ ಮೂರೋ ನಾಲ್ಕೋ ಸಲ, ಜೀವ ಇರುವ ತನಕ. ಅದನ್ನು ಕಲಿಸುವುದು, ಆಮೇಲೆ ಮನೆಮನೆಗೆ ಹೋಗಿ ಸರಿಯಾಗಿ ಮಾಡುತ್ತಿದ್ದಾರೋ ಇಲ್ಲವೋ ನೋಡುವುದು ನಮ್ಮ ಪಾಲಿಗೆ ಬಂದ ಕೆಲಸ.

ಆ ದ್ರಾವಣದಲ್ಲಿ ಗ್ಲುಕೋಸ್ ಇರುತ್ತದೆ, ಅಂದರೆ ಸಕ್ಕರೆಯೇ. ಮೈಯಲ್ಲಿ ಹೆಚ್ಚಾದ ನೀರನ್ನು ಹೊಟ್ಟೆಯೊಳಗಿನ ತೆಳ್ಳನೆಯ ಪೊರೆಯ ಮೂಲಕ ಎಳೆದು ತರುವುದು ಆ ಸಕ್ಕರೆ. ಹಳದಿ ಗುರುತಿನ ಚೀಲದಲ್ಲಿ ಕಡಿಮೆ, ಹಸಿರಿನಲ್ಲಿ ಮಧ್ಯಮ, ಕೆಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಕೆಂಪು ಹಾಕಿದರೆ ನೀರು ಜೋರಾಗಿ ಬರುತ್ತದೆ, ಕಾಲಿನ ಬಾವು ಬೇಗ ಇಳಿಯುತ್ತದೆ, ರೋಗಿ ಖುಷಿಯಾಗುತ್ತಾನೆ. ಆದರೆ ವರ್ಷಗಟ್ಟಲೆ ಅಷ್ಟು ಸಕ್ಕರೆಯಲ್ಲಿ ನೆನೆದ ಪೊರೆ ಕೆಡುತ್ತಾ ಹೋಗುತ್ತದೆ. ದಪ್ಪವಾಗುತ್ತದೆ, ಅದರಲ್ಲಿ ಹೊಸ ರಕ್ತನಾಳ ಹುಟ್ಟುತ್ತವೆ, ಸಕ್ಕರೆ ನೀರನ್ನು ಎಳೆಯುವ ಮೊದಲೇ ತಾನೇ ರಕ್ತದೊಳಗೆ ಓಡಿಬಿಡುತ್ತದೆ. ಆಮೇಲೆ ಕೆಂಪು ಹಾಕಿದರೂ ನೀರು ಬರುವುದಿಲ್ಲ, ರಕ್ತದ ಸಕ್ಕರೆ ಮಾತ್ರ ಏರುತ್ತದೆ. ಆದ್ದರಿಂದ ಕೆಂಪು ಚೀಲ ಮನೆಯಲ್ಲಿ ಒಂದೆರಡು ಇದ್ದರೂ, ನಮಗೆ ಫೋನ್ ಮಾಡಿ ಕೇಳದೆ ಅದನ್ನು ಮುಟ್ಟಬಾರದು ಎಂಬುದು ನಮ್ಮ ಕಟ್ಟಳೆ.

ಈ ಮಾತನ್ನು ಕಬ್ಬಿನ ಸೀಮೆಯಲ್ಲಿ ಹೇಳಿ ನೋಡಿ. ಅಥಣಿಯ ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಿಸ್ಟರ್‌ಬಾಯಿ, ಈ ಸಕ್ರಿ ಮ್ಯಾಲ ಮನಿ ಕಟ್ಟೇವಿ, ಮಕ್ಕಳ ಲಗ್ನಾ ಮಾಡೇವಿ. ಇದರಿಂದ ಏನ ಕೆಡತೈತ್ರಿ?” ಅಂದಿದ್ದರು. ನನ್ನದೂ ಒಂದು ಎಡವಟ್ಟು ಇತ್ತು. ಶುರುವಿನಲ್ಲಿ ನಾನು ಕೆಂಪು ಚೀಲವನ್ನು ‘ಕಡಕ್’ ಎಂದು ಹೇಳಿಕೊಡುತ್ತಿದ್ದೆ. ಕಡಕ್ ಚಹಾ ಕುಡಿದು ಕಡಕ್ ರೊಟ್ಟಿ ತಿನ್ನುವ ಜನಕ್ಕೆ ಆ ಮಾತು ಹೆದರಿಕೆ ಹುಟ್ಟಿಸುತ್ತದೆಯೇ? ಮಾರನೆಯ ವಾರ ಎಲ್ಲರೂ, “ನಮಗೂ ಕಡಕ್ ಚೀಲಾನ ಕೊಡ್ರಿ” ಎಂದು ಕೂತರು. ಆಮೇಲೆ ಆ ಶಬ್ದವನ್ನೇ ಬಿಟ್ಟೆ.

ಈಗ ಸುನಂದಾ. ಅವಳಿಗೆ ನಿಪ್ಪಾಣಿ, ಬೋರಗಾಂವ, ಸದಲಗಾ ಕಡೆಯ ರೋಗಿಗಳು. ನನಗೆ ರಾಯಬಾಗ, ಅಥಣಿ, ಕಾಗವಾಡ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಕೆಲಸಕ್ಕೂ ನನ್ನ ಹಿಂದೆ ಬಂದವಳು, ಕೊಳವೆಗೆ ಚೀಲ ಜೋಡಿಸುವುದನ್ನು ನಾನೇ ಕಲಿಸಿದ್ದು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾಳೆ, ಎರಡರಲ್ಲೂ ನಗಿಸುತ್ತಾಳೆ. ಅವಳ ರೋಗಿಗಳು ಅವಳ ದಾರಿ ಕಾಯುತ್ತಿದ್ದರು. ಸದಲಗಾದಿಂದ ಅವಳಿಗೆ ಹಾಲಿನ ಖವಾ ಬರುತ್ತಿತ್ತು. ನನಗೆ ಏನು ಬರುತ್ತಿತ್ತು? ಉಪ್ಪು ತಿಂದಷ್ಟೂ ಈ ರೋಗಿಗಳ ಮೈಯಲ್ಲಿ ನೀರು ನಿಲ್ಲುತ್ತದೆ, ಅದಕ್ಕೆ ನಾನು ಮನೆಮನೆಯಲ್ಲಿ ಉಪ್ಪು ಹುಡುಕುತ್ತಿದ್ದೆ. ನನ್ನ ಸ್ಕೂಟಿಯ ಸದ್ದು ಕೇಳಿದರೆ ಮನೆಯವರು ಉಪ್ಪಿನಕಾಯಿಯ ಭರಣಿ ಬಚ್ಚಿಡುತ್ತಿದ್ದರು. ಕಾಗವಾಡದ ಒಬ್ಬಾಕೆ ಹಪ್ಪಳದ ಡಬ್ಬಿಯನ್ನು ತೊಟ್ಟಿಲಲ್ಲಿ ಕೂಸಿನ ಪಕ್ಕ ಮಲಗಿಸಿ ದುಪ್ಪಟಿ ಹೊದಿಸಿದ್ದಳು. ನಾನು ದುಪ್ಪಟಿ ಎತ್ತಿ ಡಬ್ಬಿ ಹೊರಗೆ ತೆಗೆದೆ. ಕೂಸು ಅತ್ತಿತು, ಅತ್ತೆ ಬೈದಳು. ನನ್ನ ಹಿಂದೆ ಜನ ನನ್ನನ್ನು ‘ಉಪ್ಪಿನ ಪೊಲೀಸ್’ ಎನ್ನುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳೂ ಸುನಂದಾನೇ, ನಗುತ್ತಾ.

ತಿಂಗಳಿಗೊಮ್ಮೆ ನಮ್ಮ ದೊಡ್ಡ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಒಬ್ಬೊಬ್ಬ ರೋಗಿಯ ತೂಕ, ಬಿ.ಪಿ., ಹೊರಬಂದ ನೀರು ನೋಡುತ್ತಿದ್ದರು. “ಸುನಂದಾನ ಪೇಶಂಟ್ಸ್ ನೋಡ್ರಿ, ಬರೇ ಹಳದಿ ಚೀಲದಾಗ ನಡಸಾಕತ್ತಾರ. ಬಾವಿಲ್ಲ, ಏನಿಲ್ಲ,” ಎನ್ನುತ್ತಿದ್ದರು. ನನ್ನ ಕಡೆ ತಿರುಗಿದಾಗ ಬರೀ ತಲೆ ಅಲ್ಲಾಡಿಸುತ್ತಿದ್ದರು. ಮೂವತ್ತು ವರ್ಷ ಸರ್ವೀಸ್ ಆದವಳಿಗೆ ಅದು ಎಷ್ಟು ಉರಿಯುತ್ತದೆ ಎಂದು ನಿಮಗೂ ಒಂದು ದಿನ ಗೊತ್ತಾಗುತ್ತದೆ. ಅವಳು ಕದ್ದು ಕೆಂಪು ಹಾಕಿಸುತ್ತಿರಬೇಕು ಎಂದು ನಾನು ಬಹಳ ದಿನ ನಂಬಿದ್ದೆ. ಹಾಗೆ ನಂಬುವುದರಲ್ಲಿ ಸುಖವಿತ್ತು.

ನನ್ನ ಹತ್ತಿರ ಇದ್ದದ್ದು ಒಂದೇ ತುರುಪು. ಅಣ್ಣಾಸಾಬ ಕಾಕಾ.

ಹಾರೂಗೇರಿ ಹೊರಗೆ ಹೊಲದಲ್ಲೇ ಅವರ ಮನೆ. ಸುತ್ತ ಕಬ್ಬು, ಒಂದು ಕಡೆ ದ್ರಾಕ್ಷಿ. ಬಿಳಿ ಟೋಪಿ, ಎತ್ತರದ ಆಳು, ಮಾತು ಮೆತ್ತಗೆ. ಆ ಸೀಮೆಯಲ್ಲಿ ಸೋಯರಿಕೆ ಕೂಡಿಸುವುದರಲ್ಲಿ, ಅಂದರೆ ಗಂಡು ಹೆಣ್ಣಿನ ಮನೆಗಳನ್ನು ಒಪ್ಪಿಸಿ ಮದುವೆ ಗಟ್ಟಿ ಮಾಡಿಸುವುದರಲ್ಲಿ ಅವರದು ದೊಡ್ಡ ಹೆಸರು. ಅದು ಅವರ ಕಸುಬಲ್ಲ, ಹುಚ್ಚು. ರಾಯಬಾಗದಿಂದ ಹಿಡಿದು ಮೀರಜ್ ತನಕ ಅವರು ಕೂಡಿಸಿದ ಮನೆಗಳಿದ್ದವು. ಕಿಡ್ನಿ ಹೋದಾಗ ಮೊದಲು ಮೆಶಿನ್ ಡಯಾಲಿಸಿಸ್‌ಗೆ ಹೋಗಿದ್ದರು. ಸೂಜಿ ಚುಚ್ಚಬೇಕಾದ ಕೈಯ ರಕ್ತನಾಳಗಳು ಉಳಿಯಲಿಲ್ಲ, ಹೃದಯವೂ ತಡೆಯಲಿಲ್ಲ. ಹೊಟ್ಟೆಯ ದಾರಿಯೊಂದೇ ಉಳಿದಿತ್ತು. ಆ ಪೊರೆ ಕೆಟ್ಟರೆ ಮುಂದೆ ಅವರಿಗೆ ಏನೂ ಇಲ್ಲ ಎಂದು ಡಾಕ್ಟರು ನನ್ನೆದುರಿಗೇ ಅವರ ಹೆಂಡತಿ ಇಂದವ್ವ ಕಾಕುಗೆ ಹೇಳಿದ್ದರು.

ಅಂಥ ಮನುಷ್ಯ ತಿಂಗಳು ತಿಂಗಳೂ ಬಂದು ತಕ್ಕಡಿಯ ಮೇಲೆ ನಿಂತರೆ ತೂಕ ಇದ್ದಲ್ಲೇ ಇರುತ್ತಿತ್ತು. ಕಾಲು ಒತ್ತಿದರೆ ಕುಳಿ ಬೀಳುತ್ತಿರಲಿಲ್ಲ. “ಸಿಸ್ಟರ್‌ಬಾಯಿ ಹೇಳಿಧಂಗ ಮಾಡತೀನ್ರಿ, ಸಾಹೇಬ್ರ,” ಎಂದು ಡಾಕ್ಟರ ಮುಂದೆ ಕೈ ಮುಗಿಯುತ್ತಿದ್ದರು. ನಾನು ಓರೆಗಣ್ಣಿನಿಂದ ಸುನಂದಾಳ ಮುಖ ನೋಡುತ್ತಿದ್ದೆ. ಅವಳ ಖವಾ ಆ ಹೊತ್ತಿನಲ್ಲಿ ನನಗೆ ನೆನಪಾಗುತ್ತಿರಲಿಲ್ಲ.

ಒಂದು ಮದುವೆಯ ಸೀಜನ್ನಿನಲ್ಲಿ ಸುನಂದಾ ವರಾಂಡದಲ್ಲಿ ನನ್ನನ್ನು ನಿಲ್ಲಿಸಿದಳು. “ಅಕ್ಕಾರ, ನಿಮ್ಮ ಅಣ್ಣಾಸಾಬ ಕಾಕಾ ನಿಪ್ಪಾಣಿಗೆ ಲಗ್ನಕ್ಕ ಬಂದಿದ್ರು. ಅವರು ಮಠ್ಠಾ ಕುಡಿಯೂದ ನೋಡಿ ನನಗ ಅಂಜಿಕಿ ಆತು. ಮರುದಿನ ಚಿಕ್ಕೋಡಿ ಬಸ್‌ಸ್ಟ್ಯಾಂಡಿನ್ಯಾಗ ಭೆಟ್ಟಿ ಆದ್ರ ಕಾಲ ಒಂದ ಚೂರೂ ಬಾತಿಲ್ಲ. ಹೆಂಗ್ರಿ ಇದು? ಒಮ್ಮೆ ಮನಿಗೆ ಹೋಗಿ ನೋಡ್ರಿ.”

ಮಠ್ಠಾ ಎಂದರೆ ಮದುವೆಯೂಟದ ಉಪ್ಪು ಹಾಕಿದ ಮಜ್ಜಿಗೆ. ನನಗಾದ ಸಂತೋಷವನ್ನು ಹೇಗೆ ಬರೆಯಲಿ! ಕೊನೆಗೂ ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬಂದಿದೆ ಎಂದುಕೊಂಡೆ. ಅವಳ ಮಾತು ಸುಳ್ಳು ಮಾಡಿ ತೋರಿಸಬೇಕೆಂದು ಮರುದಿನ ಬೆಳಿಗ್ಗೆಯೇ, ಫೋನೂ ಮಾಡದೆ, ಹಾರೂಗೇರಿಯ ದಾರಿ ಹಿಡಿದೆ. ಕರ್ತವ್ಯ ಒಂದೇ ಇದ್ದಿದ್ದರೆ ಮುಂದಿನ ವಾರದ ಸರದಿಗೆ ಹೋಗುತ್ತಿದ್ದೆ. ಇದನ್ನು ಹುಡುಗಿಯರು ಗುರುತಿಟ್ಟುಕೊಳ್ಳಿ, ಹೊಟ್ಟೆಕಿಚ್ಚಿನವರು ಕೆಲವು ಸಲ ಬೇಗ ಎದ್ದು ಹೊರಡುತ್ತಾರೆ.

ಕಾಕಾ ಮನೆಯಲ್ಲಿರಲಿಲ್ಲ. ಇಂದವ್ವ ಕಾಕು ದನದ ಕೊಟ್ಟಿಗೆಯ ಹತ್ತಿರ ಕೂತು ದಬ್ಬಣದಿಂದ ಏನೋ ಹೊಲಿಯುತ್ತಿದ್ದಳು. ಖಾಲಿಯಾದ ಡಯಾಲಿಸಿಸ್ ಚೀಲಗಳನ್ನು ನಮ್ಮ ಜನ ಬಿಸಾಡುವುದಿಲ್ಲ. ತೊಳೆದು, ಸೀಳಿ, ಮೋಟರ್‌ಸೈಕಲ್ಲಿನ ಸೀಟಿಗೆ ಹಾಕುತ್ತಾರೆ, ಅರಿಸಿನ ಮುಚ್ಚುತ್ತಾರೆ. ಕಾಕು ಅವನ್ನು ಒಂದಕ್ಕೊಂದು ಜೋಡಿಸಿ ದನದ ಮೇವಿನ ಕಣಕಿಯ ಬಣವೆಗೆ ದೊಡ್ಡದೊಂದು ಹೊದಿಕೆ ಮಾಡಿದ್ದಳು. ಅದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೊಲಿಗೆ ಚೆನ್ನಾಗಿದೆ ಎಂದು ಹೊಗಳಲು ಹತ್ತಿರ ಹೋದವಳು ಹಾಗೆಯೇ ನಿಂತೆ. ಚೀಲಗಳ ಮೇಲಿನ ಗುರುತು ಕೆಂಪು. ಮೇಲೆ ಕೆಂಪು, ಕೆಳಗೆ ಕೆಂಪು, ನಡುನಡುವೆ ಅಲ್ಲೊಂದು ಇಲ್ಲೊಂದು ಹಳದಿ.

“ಕಾಕು, ಇಷ್ಟ ಕೆಂಪು ಎಲ್ಲಿಂದ ಬಂದೂವ್ರಿ?”

“ಅವು ಲಗ್ನದ ಚೀಲ ಅಲ್ರೀ,” ಎಂದಳು ಆಕೆ, ನಾನು ಇಷ್ಟೂ ತಿಳಿಯದವಳೇ ಎಂಬಂತೆ. “ಲಗ್ನಾ, ಸಾಖರಪುಡಾ ಇದ್ದ ದಿನ ಉಂಡ ಬಂದ ಮ್ಯಾಲ ಹಾಕ್ಕೋತಾರ. ಬೆಳಗ ಆಗೂದ್ರಾಗ ಎಲ್ಲಾ ಇಳದಿರತೈತಿ. ನಿಮಗ ಗೊತ್ತ ಐತಿ ಅಂತ ಹೇಳ್ಯಾರಲ್ರಿ ಇವರು?”

ಸಾಖರಪುಡಾ ಎಂದರೆ ನಿಶ್ಚಿತಾರ್ಥ. ಚೀಲ ಕೊಡುತ್ತಿದ್ದವನು ಆ ಕಡೆಗೆ ಚೀಲ ಮುಟ್ಟಿಸುವ ಏಜೆಂಟ್. ಅವನ ಮಗಳ ಸೋಯರಿಕೆಯನ್ನು ಕಾಕಾನೇ ಕೂಡಿಸಿದ್ದರು. ಮಗಳ ಮದುವೆ ಮಾಡಿಸಿದ ಹಿರಿಯರು ಫೋನ್ ಮಾಡಿ ಕೇಳಿದರೆ ಅವನು ಡಾಕ್ಟರ ಚೀಟಿ ಎಲ್ಲಿದೆ ಎಂದು ಕೇಳುತ್ತಾನೆಯೇ? ಕೇಳಿದರೆ ಅವನು ನಮ್ಮ ಕಡೆಯವನೇ ಅಲ್ಲ.

ಅಷ್ಟರಲ್ಲಿ ಕಾಕಾ ಬಂದರು. ನನ್ನ ಮುಖ, ಬಣವೆ, ಹೆಂಡತಿಯ ಕೈಯ ದಬ್ಬಣ ನೋಡಿ ಟೋಪಿ ತೆಗೆದು ಕಟ್ಟೆಯ ಮೇಲೆ ಕೂತರು. ನಾನು ಕೂಗಾಡಿದೆ. ನಾನು ಮುಗಿಸಿದ ಮೇಲೆ ಅವರು ಹೇಳಿದರು: “ಸಿಸ್ಟರ್‌ಬಾಯಿ, ಸೋಯರಿಕಿ ಕೂಡಿಸಿದಾಂವ ಪಂಕ್ತಿಯೊಳಗ ಕುಂತು ಉಣಲಿಲ್ಲಂದ್ರ ಏನಾಗತೈತಿ ಗೊತ್ತೈತೇನ್ರಿ? ಹೆಣ್ಣಿನವರು, ಹಿರ್ಯಾರಿಗೆ ನಮ್ಮ ಮನಿ ಪಸಂದ ಇಲ್ಲ ಅಂತಾರ. ಗಂಡಿನವರು, ಹುಡುಗಿಯೊಳಗ ಏನೋ ಐಬ ಐತಿ ಅದಕ್ಕ ಉಣವಲ್ರು ಅಂತಾರ. ನಾ ಬಾಯಿ ಮುಚ್ಚಿದ್ರ ಎರಡು ಮನಿ ಮುರೀತಾವು.”

“ಮತ್ತ ನಿಮ್ಮ ಪೊರಿ ಕೆಟ್ಟ ಹೋದ್ರ?”

ಅವರು ಕಾಲು ನೋಡಿಕೊಂಡರು. “ಅದನ್ನ ಕೇಳಬೇಕಂತಿದ್ದೆ ನೋಡ್ರಿ. ಈಚೀಚೆಗೆ ಲಗ್ನದ ಚೀಲಕ್ಕೂ ಮೊದಲಿನಂಗ ನೀರ ಬರವಲ್ದು.”

ಕೂಗಾಟ ಬಿಟ್ಟು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ.

ಪೊರೆಯ ಪರೀಕ್ಷೆ ಮಾಡಿಸಿದೆವು. ದ್ರಾವಣದ ಸಕ್ಕರೆ ಹೊಟ್ಟೆಯಿಂದ ಎಷ್ಟು ಬೇಗ ರಕ್ತ ಸೇರುತ್ತದೆ ಎಂದು ಅದರಲ್ಲಿ ತಿಳಿಯುತ್ತದೆ. ಕಾಕಾನದು ಓಡುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಈಗ ರಕ್ತದಲ್ಲಿ ಅದೂ ಏರಿತ್ತು. “ಪೂರ್ತಿ ಹೋಗಿಲ್ಲ,” ಎಂದರು ಡಾಕ್ಟರು. “ಕೆಂಪು ಬಂದ್ ಮಾಡಿ, ಉಪ್ಪು ನೀರು ಹಿಡಿತದೊಳಗ ಇಟ್ರ ಉಳಸಬಹುದು. ಹಿಂಗ ನಡದ್ರ ಮುಂದ ನಾ ಏನೂ ಮಾಡಾಕ ಆಗೂದಿಲ್ಲ.” ಸುನಂದಾ ಪಕ್ಕದಲ್ಲೇ ಇದ್ದಳು. ನಾನು ಹೇಳಿರಲಿಲ್ಲವೇ ಎಂದು ಅವಳು ಒಂದು ಮಾತು ಆಡಿದ್ದರೂ ನನಗೆ ಹಗುರಾಗುತ್ತಿತ್ತು. ಆಡಲಿಲ್ಲ. ಅದಕ್ಕೂ ಸಿಟ್ಟು ಬಂತು.

ಏಜೆಂಟನಿಗೆ ಡಾಕ್ಟರೇ ಫೋನ್ ಮಾಡಿ ಗದರಿಸಿದರು, ಕೆಂಪು ಬರುವುದು ನಿಂತಿತು. ಪಂಕ್ತಿಯ ಊಟ ನಿಲ್ಲಲಿಲ್ಲ. ಮದುವೆಯ ಮರುದಿನ ಕಾಕಾ ಬಾತ ಕಾಲು ಎಳೆದುಕೊಂಡು, ಏದುಸಿರು ಬಿಡುತ್ತಾ ಬರುತ್ತಿದ್ದರು. ನಾನು ಬೈದೆ, ಅತ್ತೆ, ಕೆಟ್ಟ ಪೊರೆಯ ಚಿತ್ರ ತೋರಿಸಿದೆ. “ಹೌದ್ರಿ, ಹೌದ್ರಿ,” ಎನ್ನುತ್ತಿದ್ದರು. ಹೊರಗೆ ಹೋಗಿ ಮತ್ತೊಂದು ಮನೆಯ ಅಕ್ಷತೆಗೆ ಹೊರಡುತ್ತಿದ್ದರು. ನನ್ನ ಮಾತು ಅವರ ಟೋಪಿಯ ತನಕ ಹೋಗಿ ಅಲ್ಲೇ ನಿಲ್ಲುತ್ತಿತ್ತು.

ಆಮೇಲೆ ನಾನು ಮಾಡಿದ್ದಕ್ಕಿಂತ ಕಷ್ಟದ ಕೆಲಸವನ್ನು ಇಡೀ ನೌಕರಿಯಲ್ಲಿ ಮಾಡಿಲ್ಲ. ಸುನಂದಾಳ ಹತ್ತಿರ ಹೋಗಿ, “ನೀ ಒಮ್ಮೆ ಬಂದ ಮಾತಾಡವಾ, ನನ್ನ ಮಾತ ಕೇಳವಲ್ರು,” ಎಂದೆ. ಅವಳು, “ಈಗ ಹೋಗೂಣಲ್ರಿ ಅಕ್ಕಾರ,” ಎಂದು ಪರ್ಸ್ ಎತ್ತಿಕೊಂಡಳು. ಒಂದು ಗಳಿಗೆಯಾದರೂ ಬಿಗುಮಾನ ಮಾಡಬಾರದಿತ್ತೇ?

ಹಾರೂಗೇರಿಯ ಆ ಮನೆಯಲ್ಲಿ ಅವಳು ಸಕ್ಕರೆಯ ಮಾತೆತ್ತಲಿಲ್ಲ, ಪೊರೆಯ ಮಾತೆತ್ತಲಿಲ್ಲ. ಕಾಕಾ ಕೂಡಿಸಿದ ಜೋಡಿಗಳ ಕತೆ ಕೇಳಿದಳು, ಯಾರದು ಸುಲಭಕ್ಕೆ ಆಯಿತು, ಯಾರದು ಕಾಡಿಸಿತು ಎಂದು. ಕಾಕಾ ಅರಳಿದರು. ನನ್ನ ಮುಂದೆ ಆ ಮನುಷ್ಯ ಅಷ್ಟು ವರ್ಷ ಒಂದು ಕತೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ, ಆದರೂ ಹೇಳಬಹುದಿತ್ತು. ಮಾತಿನ ನಡುವೆ ಅವಳು ಇಂದವ್ವ ಕಾಕುಗೆ, “ಪಂಕ್ತಿಯೊಳಗ ಉಣದ ಇದ್ರೂ, ಯಾಕ ಉಣಲಿಲ್ಲ ಅಂತ ಜನ ಕೇಳದಂಥವರು ಯಾರ ಇರತಾರ್ರಿ ಕಾಕು?” ಎಂದಳು.

ಕಾಕು ಯೋಚನೆ ಮಾಡಿ, “ಬಡಸವರು,” ಎಂದಳು.

“ಅಷ್ಟ ನೋಡ್ರಿ ಕಾಕಾ. ಸೋಯರಿಕಿ ಕೂಡಿಸಿದ ಹಿರ್ಯಾರು ಸ್ವತಾ ಪಂಚೆ ಎತ್ತಿ ಕಟ್ಟಿ ಬುಂದಿ ಬಡಸಾಕ ನಿಂತ್ರ ಯಾವ ಬೀಗರು ಬ್ಯಾಡ ಅಂತಾರ? ಎರಡೂ ಕಡೆಯವರು ತಮ್ಮ ನಸೀಬ ಅಂತಾರ. ಕಡೀಕ ಬಾಯಿ ಸಿಹಿ ಮಾಡಾಕ ಒಂದ ಕಾಳು ಬಾಯಾಗ ಹಾಕ್ಕೋರಿ. ಆತು.”

ಕಾಕಾ ಬಹಳ ಹೊತ್ತು ನಗುತ್ತಾ ಕೂತರು. ನಾನು ಮಾತ್ರ ನಗಲಿಲ್ಲ. ಇಷ್ಟು ಸಣ್ಣ ಮಾತು ನನಗೆ ಯಾಕೆ ಹೊಳೆಯಲಿಲ್ಲ ಎಂದು ಸ್ಕೂಟಿಯ ಮೇಲೆ ಚಿಕ್ಕೋಡಿ ಬರುವ ತನಕ ಉರಿದೆ. ಹಿಂದೆ ಕೂತ ಸುನಂದಾ ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದಳು. ಅವಳ ರೋಗಿಗಳು ಹಳದಿಯಲ್ಲೇ ಹೇಗೆ ನಡೆಸುತ್ತಾರೆ ಎಂಬುದೂ ಅಂದೇ ತಿಳಿಯಿತು. ಕದ್ದ ಕೆಂಪು ಎಲ್ಲೂ ಇರಲಿಲ್ಲ. ಅವಳು ಉಪ್ಪನ್ನು ಭರಣಿಯಲ್ಲಿ ಹುಡುಕುತ್ತಿರಲಿಲ್ಲ, ಅವರು ಯಾರಿಗಾಗಿ ತಿನ್ನುತ್ತಾರೆ ಎಂದು ಹುಡುಕುತ್ತಿದ್ದಳು.

ಮುಂದಿನ ಮದುವೆಗೆ ನಮ್ಮಿಬ್ಬರಿಗೂ ಪತ್ರಿಕೆ ಬಂತು. ಕಾಕಾ ಪಂಕ್ತಿಯ ತುದಿಯಿಂದ ಬುಂದಿಯ ಬುಟ್ಟಿ ಹಿಡಿದು ಬಂದರು. ಜನ ತಟ್ಟೆ ಬಿಟ್ಟು ಎದ್ದು ಕೈ ಮುಗಿದರು. ನಮ್ಮ ಹತ್ತಿರ ಬಂದಾಗ ಮೊದಲು ಸುನಂದಾಳ ತಟ್ಟೆಗೆ ಹಾಕಿದರು, ಅವಳು ಸಾಕು ಸಾಕು ಎಂದರೂ ಇನ್ನೊಂದು ಹಿಡಿ ಹಾಕಿದರು. ನಾನು ಅವಳ ತಟ್ಟೆ ನೋಡಿದೆ, ನನ್ನ ತಟ್ಟೆ ನೋಡಿದೆ. ವಯಸ್ಸಿನ ಹೆಂಗಸು ಬುಂದಿ ಅಳೆಯುವುದು ನಗೆಗೀಡು ಎಂದು ಗೊತ್ತು. ಅಳೆದೆ.

ಕಾಕಾನ ಕಾಲಿನ ಬಾವು ಇಳಿಯಿತು. ಹಸಿರು, ಆಮೇಲೆ ಬಹುಪಾಲು ಹಳದಿ. ಪೊರೆ ಮೊದಲಿನಂತಾಗಲಿಲ್ಲ, ಆದರೆ ಮತ್ತೆ ಪರೀಕ್ಷೆ ಮಾಡಿದಾಗ ಇದ್ದಲ್ಲೇ ನಿಂತಿತ್ತು. ಕೆಲವು ವರ್ಷಗಳ ಮೇಲೆ ಗ್ಲುಕೋಸ್ ಇಲ್ಲದ ಹೊಸ ಚೀಲವೂ ಬಂತು, ದಿನಕ್ಕೊಂದು. ನೀವು ಪುಣ್ಯವಂತರು, ಅದೆಲ್ಲ ನಿಮಗೆ ಮೊದಲ ದಿನದಿಂದ ಕೈಯಲ್ಲಿದೆ. ಮಲಗಿದಾಗ ತಾನೇ ಚೀಲ ಬದಲಿಸುವ ಮೆಶಿನ್, ಹೊರಬಂದ ನೀರಿನ ಲೆಕ್ಕ ಮೊಬೈಲಿನಲ್ಲಿ. ನಾವು ಬಿಸಿಲಲ್ಲಿ ಅಲೆದು ಪಡೆದದ್ದು ನಿಮಗೆ ಕೂತಲ್ಲೇ ಬರುತ್ತದೆ, ನನಗೆ ನಿಮ್ಮ ಮೇಲೂ ಹೊಟ್ಟೆಕಿಚ್ಚಿದೆ. ಒಂದು ಎಚ್ಚರ ಮಾತ್ರ ಹೇಳುತ್ತೇನೆ. ಆ ಹೊಸ ಚೀಲ ಹಾಕಿದವರ ರಕ್ತವನ್ನು ಕೆಲವು ಜಾತಿಯ ಸಕ್ಕರೆ ಮೀಟರಿನಲ್ಲಿ ನೋಡಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಚುಚ್ಚಿದರೆ ರೋಗಿ ಅಲ್ಲೇ ಕುಸಿಯುತ್ತಾನೆ. ಆ ಚೀಲಕ್ಕೆ ನಡೆಯುವ ಮೀಟರ್ ಯಾವುದೆಂದು ಡಾಕ್ಟರನ್ನು ಕೇಳದೆ ಮನೆಗೆ ಕಳಿಸಬೇಡಿ.

ನಾನು ನಿವೃತ್ತಳಾದಾಗ ನನ್ನ ಸೀಮೆಯೂ ಸುನಂದಾಳ ಪಾಲಿಗೆ ಹೋಯಿತು. ಹೋದ ತಿಂಗಳು ಅವಳು ಫೋನ್ ಮಾಡಿದಾಗ, “ನನ್ನ ಅಣ್ಣಾಸಾಬ ಕಾಕಾ ಆರಾಮ ಅದಾರ್ರಿ ಅಕ್ಕಾರ,” ಎಂದಳು. ‘ನನ್ನ’ ಅಂತೆ! ಆ ಫೋನ್ ಇಟ್ಟವಳೇ ನಾನು ಕಾಕಾಗೆ ಫೋನ್ ಹಚ್ಚಿದೆ. ದನಿ ಮೊದಲಿಗಿಂತ ಸಣ್ಣದಾಗಿದೆ, ಆದರೆ ಖುಷಿಯಿಂದ ಮಾತಾಡಿದರು. ಈ ಸೀಜನ್ನಿನಲ್ಲೂ ಬಡಿಸುತ್ತಿದ್ದಾರಂತೆ, ಹಳದಿ ಚೀಲದಲ್ಲೇ ನೀರು ಚೆನ್ನಾಗಿ ಬರುತ್ತಿದೆಯಂತೆ. ಸಾಖರಪುಡಾ ಒಂದರಲ್ಲಿ ಮಠ್ಠಾ ಕುಡಿದು ಕಾಲು ಬಾತದ್ದನ್ನೂ, ಕೂಡಲೇ ಸುನಂದಾಗೆ ಹೇಳಿ ಬೈಸಿಕೊಂಡದ್ದನ್ನೂ ತಾವಾಗಿಯೇ ಹೇಳಿದರು.

ನನಗೆ ತಡೆಯಲಾಗಲಿಲ್ಲ. “ಕಾಕಾ, ಅಷ್ಟ ವರ್ಷ ನಾ ನಿಮ್ಮ ಮನಿಗೆ ಬಂದೆ. ನನಗ ಒಮ್ಮೆರ ಹಿಂಗ ಹೇಳಿದ್ರೇನ್ರಿ?”

ಎರಡು ಮನೆಗಳಿಗೂ ಅವರವರಿಗೆ ಬೇಕಾದ ಮಾತನ್ನೇ ಹೇಳಿ ಜೀವಮಾನ ಕಳೆದ ಮನುಷ್ಯ ಈ ಸಲ ಇದ್ದದ್ದನ್ನೇ ಹೇಳಿದರು.

“ಇಲ್ರಿ, ಸಿಸ್ಟರ್‌ಬಾಯಿ,” ಎಂದರು. “ನಿಮಗ ಚಲೋ ಸುದ್ದಿ ಅಷ್ಟ ಹೇಳತಿದ್ದೆ. ಆಕಿಗೆ ಎಲ್ಲಾ ಹೇಳತೀನಿ.”

“ಹಂಗ ಮಾಡ್ರಿ ಕಾಕಾ,” ಎಂದೆ. “ಆಕಿಗೇ ಹೇಳ್ರಿ.”